ಮಾಜಿ ಸೈನಿಕನ ಗೃಹಸಾಲ: ಕಾರವಾರದ ಎರಡು ಬ್ಯಾಂಕು, ಒಂದು ಹಳೇ ಹೆಂಚಿನ ಮನೆ

ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದಲು ಎಲ್ಲರಿಗೂ ಪುರಸೊತ್ತು ಇರುವುದಿಲ್ಲ. ಮೊದಲು ಹೋದ ಬ್ಯಾಂಕಿಗೆ 5ಕ್ಕೆ 1 ಸ್ಟಾರ್. ಕೊನೆಗೆ ಸಾಲ ಕೊಟ್ಟ ಬ್ಯಾಂಕಿಗೆ ಮೂರೂವರೆ. ಎರಡರ ಹೆಸರನ್ನೂ ಬರೆಯುವುದಿಲ್ಲ. ಕಾರವಾರ ಸಣ್ಣ ಊರು. ಮೀನು ಪೇಟೆಯಲ್ಲಿ ಬಂಗಡೆ ಆರಿಸುವಾಗ ಪಕ್ಕದಲ್ಲಿ ನಿಂತವರು ಲೋನ್ ಸೆಕ್ಷನ್ನಿನವರೇ ಆಗಿರುತ್ತಾರೆ.

ನಾನು ಅಂಕೋಲಾ ತಾಲೂಕಿನ ಅವರ್ಸಾ ಕಡೆಯವನು. 24 ವರ್ಷ ಸೇನೆಯಲ್ಲಿದ್ದು 2020ರಲ್ಲಿ ಹವಾಲ್ದಾರನಾಗಿ ಹೊರಬಂದೆ. ಈಗ ವಯಸ್ಸು 47. ಹೆಂಡತಿ ಕಾರವಾರದ ಒಂದು ಖಾಸಗಿ ಶಾಲೆಯಲ್ಲಿ ಅಕ್ಕೋರು. ನಾನು ಗುತ್ತಿಗೆ ಮೇಲೆ ಸೆಕ್ಯುರಿಟಿ ಸೂಪರ್‌ವೈಸರ್. ಐದು ವರ್ಷ ಬಾಡಿಗೆ ಕಟ್ಟಿ ಸಾಕಾಗಿ 2025ರ ಮೇ ತಿಂಗಳಲ್ಲಿ ಮನೆ ನೋಡಲು ಶುರು ಮಾಡಿದೆವು. ಮನೆ ಬೇಗ ಸಿಕ್ಕಿತು. ಸಾಲ ಸಿಗಲು ಸೆಪ್ಟೆಂಬರ್ ಬಂತು.

ಶುರುವಿನಲ್ಲೇ ದಾರಿ ತಪ್ಪಿಸಿದ್ದು ವಾಟ್ಸಾಪು. ನಮ್ಮ ಮಾಜಿ ಸೈನಿಕರ ಗುಂಪಿನಲ್ಲಿ ಯಾರೋ ಒಂದು ಸಂದೇಶ ಹಾಕಿದ್ದರು: ಸೈನಿಕರಿಗೆ ಮನೆ ಕೊಳ್ಳಲು ಕೈಯಿಂದ ಒಂದು ಪೈಸೆ ಹಾಕಬೇಕಾಗಿಲ್ಲ, ಸರ್ಕಾರವೇ ಜಾಮೀನು ನಿಲ್ಲುತ್ತದೆ ಅಂತ. ಓದಿ ನನಗೂ ಖುಷಿಯಾಯಿತು. ಆಮೇಲೆ ನೋಡಿದರೆ ಅದು ಅಮೆರಿಕದ ಕಥೆ. ಅಲ್ಲಿ 1944ರ ಕಾನೂನಿನಿಂದ ಬಂದ ವಿಎ ಲೋನ್ ಅಂತ ಇದೆ. ಸಾಲ ಕೊಡುವುದು ಬ್ಯಾಂಕೇ, ಆದರೆ ಸಾಲದ ಒಂದು ಭಾಗಕ್ಕೆ ಸರ್ಕಾರ ಜಾಮೀನು. ಹಾಗಾಗಿ ಮುಂಗಡ ಕೇಳುವುದಿಲ್ಲ. ಸೇವೆ ಮಾಡಿದ್ದಕ್ಕೆ ಡಿಸ್ಚಾರ್ಜ್ ಕಾಗದ ತೋರಿಸಿ ಅರ್ಹತಾ ಪತ್ರ ತೆಗೆದುಕೊಳ್ಳಬೇಕು. ಮುಂಗಡ ಹಾಕದೆ ಮೊದಲ ಸಲ ಸಾಲ ಪಡೆಯುವವರು 2.15 ಪರ್ಸೆಂಟ್ ಶುಲ್ಕ ಕಟ್ಟಬೇಕು. ಸೇವೆಯಿಂದ ಅಂಗವಿಕಲರಾಗಿ ಪರಿಹಾರ ಪಡೆಯುವವರಿಗೆ ಅದೂ ಮಾಫಿ. ಚೆನ್ನಾಗಿದೆ, ಅಲ್ವಾ? ನಮ್ಮಲ್ಲಿ ಹಾಗಿಲ್ಲ. ಇಲ್ಲಿ ಮಾಜಿ ಸೈನಿಕನೂ ಉಳಿದವರ ಜೊತೆ ಅದೇ ಸಾಲಿನಲ್ಲಿ ನಿಲ್ಲಬೇಕು. ಕೆಲವು ಬ್ಯಾಂಕುಗಳು ಪ್ರೊಸೆಸಿಂಗ್ ಫೀ ಬಿಡುತ್ತವೆ, ಮರುಪಾವತಿಯ ವಯಸ್ಸು ಸ್ವಲ್ಪ ಎಳೆದು ಕೊಡುತ್ತವೆ. ಅಷ್ಟೇ.

ಇದು ಗೊತ್ತಿಲ್ಲದೇ ಮೊದಲ ಬ್ಯಾಂಕಿನ ಏಜೆಂಟ್ ಕೈಗೆ ಸಿಕ್ಕಿಬಿದ್ದೆ. ಹುಡುಗ ಮಾತಿನಲ್ಲಿ ಗಟ್ಟಿ. "ಫೌಜಿ ಸಾಹೇಬ್ರೆ, ರಾಣೆ ಸಾಹೇಬರ ಊರಿನವರಿಗೆ ನಾವು ಇಲ್ಲ ಅಂತೇವಾ?" ಅಂದ. ಕಾರವಾರದ ಹತ್ತಿರದ ಚೆಂಡಿಯಾದ ರಾಮಾ ರಾಘೋಬಾ ರಾಣೆಯವರು 1948ರಲ್ಲಿ ನೌಶೇರಾ-ರಾಜೌರಿ ದಾರಿಯಲ್ಲಿ ಮೈನು ತೆಗೆದು ಪರಮವೀರ ಚಕ್ರ ಪಡೆದವರು. ನಾನೂ ರಾಜೌರಿಯಲ್ಲಿ ಎರಡು ವರ್ಷ ಇದ್ದವನು. ಅವರ ಹೆಸರು ಹೇಳಿ ಲೋನ್ ಮಾರುತ್ತಿದ್ದಾನೆ ಅಂತ ಆಗಲೇ ಅನಿಸಬೇಕಿತ್ತು, ಅನಿಸಲಿಲ್ಲ. 95 ಪರ್ಸೆಂಟ್ ಸಾಲ ಕೊಡಿಸುತ್ತೇನೆ ಅಂದ. ಲಾಗಿನ್ ಫೀ ಅಂತ 5,000, ಅದರ ಮೇಲೆ ಜಿಎಸ್‌ಟಿ 900, ಒಟ್ಟು 5,900 ತೆಗೆದುಕೊಂಡ. ಹದಿನೈದು ದಿನ ಬಿಟ್ಟು ಅರ್ಜಿ ತಿರಸ್ಕಾರ ಅಂತ ಮೆಸೇಜು. ಕಾರಣ ಕೇಳಿದರೆ "ಪಾಲಿಸಿ ಪ್ರಕಾರ". 5,900 ವಾಪಸ್ ಇಲ್ಲ. ರಿಸರ್ವ್ ಬ್ಯಾಂಕಿನ ನಿಯಮದಲ್ಲೇ 30 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಬೆಲೆಯ 90 ಪರ್ಸೆಂಟ್‌ಗಿಂತ ಜಾಸ್ತಿ ಕೊಡುವಂತಿಲ್ಲ, 30ರಿಂದ 75 ಲಕ್ಷದವರೆಗೆ 80, ಅದರ ಮೇಲೆ 75. ಯಾರಾದರೂ 95 ಅಂದರೆ ಅಲ್ಲಿಂದಲೇ ಎದ್ದು ಬನ್ನಿ. ಆ ಒಂದು ಸ್ಟಾರ್ ಕೊಟ್ಟಿದ್ದು ಎಸಿ ಚೆನ್ನಾಗಿತ್ತು ಅಂತ.

ಇನ್ನು ಎರಡನೆಯ ಬ್ಯಾಂಕು. ಸರ್ಕಾರಿ ಬ್ಯಾಂಕು, ನನ್ನ ಪಿಂಚಣಿ ಬರುವುದೂ ಅಲ್ಲಿಗೇ. ಫ್ಯಾನು ತಿರುಗುತ್ತದೆ, ಗಾಳಿ ಬರುವುದಿಲ್ಲ. ಲೋನ್ ಆಫೀಸರು ಬಿಹಾರದವರು. ಕನ್ನಡ "ಕುತ್ಕೊಳ್ಳಿ" ವರೆಗೆ ಮಾತ್ರ. ಫೌಜಿ ಹಿಂದಿ ಕಾರವಾರದಲ್ಲಿ ನನಗೆ ಉಪಯೋಗಕ್ಕೆ ಬಂದಿದ್ದು ಅದೇ ಮೊದಲು. ಒಳ್ಳೆಯ ಮನುಷ್ಯ. ಮೊದಲ ದಿನವೇ ಒಂದು ಕಾಗದದ ಹಿಂದೆ ಲೆಕ್ಕ ಹಾಕಿ ತೋರಿಸಿದರು. ಇದನ್ನು ಬ್ಯಾಂಕಿಗೆ ಹೋಗುವ ಮೊದಲೇ ನೀವು ಮನೆಯಲ್ಲಿ ಕೂತು ಮಾಡಬಹುದು.

ನನ್ನ ಕೈಗೆ ಬರುವ ಪಿಂಚಣಿ 28,000. ಬೈಕಿನ ಕಂತು 3,200 ಇತ್ತು. ನನ್ನಂಥವರಿಗೆ ಅವರು ಎಲ್ಲ ಕಂತು ಸೇರಿ ಆದಾಯದ ಅರ್ಧ ದಾಟಬಾರದು ಅಂತ ನೋಡುತ್ತಾರೆ. ಅಂದರೆ 14,000ದಲ್ಲಿ 3,200 ಕಳೆದು 10,800. 8 ಪರ್ಸೆಂಟ್ ಬಡ್ಡಿ, 20 ವರ್ಷ ಅಂದರೆ 1 ಲಕ್ಷಕ್ಕೆ ತಿಂಗಳ ಕಂತು ಹತ್ತಿರ ಹತ್ತಿರ 836 ರೂಪಾಯಿ. ಹಾಗಾದರೆ ನನ್ನ ಯೋಗ್ಯತೆ 12.9 ಲಕ್ಷ. ನನಗೆ ಬೇಕಾಗಿದ್ದು 20 ಲಕ್ಷ. ಬೈಕಿನ ಸಾಲ ತೀರಿಸಿದರೆ 16.7 ಲಕ್ಷಕ್ಕೆ ಏರುತ್ತದೆ. ಬೈಕಿನ ಬಾಕಿ ಇದ್ದಿದ್ದು 41,000. ಮಾರನೇ ದಿನವೇ ಕಟ್ಟಿ ಬಂದೆ. 41,000 ಕಟ್ಟಿದ್ದಕ್ಕೆ ಸುಮಾರು 4 ಲಕ್ಷ ಸಾಲದ ಜಾಗ ಸಿಕ್ಕಿತು. ಇದಕ್ಕಿಂತ ಲಾಭದ ವ್ಯವಹಾರ ನಾನು ಜೀವನದಲ್ಲಿ ಮಾಡಿಲ್ಲ.

ಇಲ್ಲಿ ಫೌಜಿಗಳು ಸಿಕ್ಕಿಬೀಳುವುದು ಕಮ್ಯುಟೇಶನ್‌ನಲ್ಲಿ. ನಿವೃತ್ತಿ ಆಗುವಾಗ ನಾವೆಲ್ಲ ಮೂಲ ಪಿಂಚಣಿಯ ಅರ್ಧವನ್ನು ಒಟ್ಟಿಗೆ ಹಣವಾಗಿ ತೆಗೆದುಕೊಂಡುಬಿಡುತ್ತೇವೆ. ಸೇನೆಯಲ್ಲಿ 50 ಪರ್ಸೆಂಟ್‌ವರೆಗೆ ಬಿಡುತ್ತಾರೆ. ಆ ಅರ್ಧ ವಾಪಸ್ ಸೇರುವುದು 15 ವರ್ಷದ ನಂತರ. ನನ್ನದು 2035ಕ್ಕೆ. ಅಲ್ಲಿವರೆಗೆ ತಿಂಗಳಿಗೆ ಕೈಗೆ ಬರುವುದು ಕಡಿಮೆ. ಬ್ಯಾಂಕು ನೋಡುವುದು ಆ ಕಡಿಮೆ ಅಂಕಿಯನ್ನೇ. ತುಟ್ಟಿಭತ್ಯೆ ಪೂರ್ತಿ ಮೂಲ ಪಿಂಚಣಿಯ ಮೇಲೆ ಬರುತ್ತದೆ, ಅದು ಸಮಾಧಾನ. ಆದರೆ ಜನವರಿ-ಜುಲೈಗೆ ಅದು ಏರುತ್ತದೆ, 2035ಕ್ಕೆ ಪಿಂಚಣಿ ದೊಡ್ಡದಾಗುತ್ತದೆ, ಎಂಟನೇ ವೇತನ ಆಯೋಗ ಬರುತ್ತಿದೆ ಅಂತೆಲ್ಲ ನಾನು ವಾದ ಮಾಡಿದೆ. ಅವರು ನಕ್ಕು "ಆಯೇಗಾ ತೋ ದೇಖೇಂಗೇ" ಅಂದರು. ಮುಂದೆ ಬರುವ ದುಡ್ಡಿಗೆ ಬ್ಯಾಂಕಿನಲ್ಲಿ ಬೆಲೆ ಇಲ್ಲ.

ನನ್ನ ಗುತ್ತಿಗೆ ಪಗಾರ 17,000 ಲೆಕ್ಕಕ್ಕೇ ಇಲ್ಲ. ಕೆಲಸಕ್ಕೆ ಸೇರಿ ಎರಡು ವರ್ಷ ಆಗಿಲ್ಲ, ಸಂಬಳ-ತೆರಿಗೆಯ ಪತ್ರ ಫಾರಂ 16 ಇಲ್ಲ, ಹಾಗಾಗಿ ಸೊನ್ನೆ. ಆಮೇಲೆ ಅವರು ಹೆಂಡತಿಯ ಕಡೆ ತಿರುಗಿ ಪಕ್ಕದ ಕ್ಲರ್ಕ್ ಮೂಲಕ ಕೇಳಿಸಿದರು, "ಅಕ್ಕೋರ ಪಗಾರ ಬ್ಯಾಂಕಿಗೇ ಬರ್ತದಾ, ಕೈಗೆ ಕೊಡ್ತಾರಾ?" ಬ್ಯಾಂಕಿಗೇ ಬರುತ್ತಿತ್ತು, 14,000, ಏಳು ವರ್ಷದಿಂದ. ಅವಳು ಮೂರು ವರ್ಷದಿಂದ ಐಟಿ ರಿಟರ್ನ್ ಹಾಕುತ್ತಿದ್ದಳು. ಆಗೆಲ್ಲ ನಾನು ತೆರಿಗೆಯೇ ಬರದಿದ್ದ ಮೇಲೆ ಸುಮ್ನೆ ಯಾಕೆ ಇದು ಅಂತ ಗೊಣಗಿದ್ದೆ. ಈಗ ಅದೇ ಕಾಗದ ನಮ್ಮನ್ನು ಉಳಿಸಿತು. ಇಬ್ಬರದೂ ಸೇರಿ 42,000, ಅರ್ಧ 21,000, ಅಂದರೆ 25 ಲಕ್ಷದವರೆಗೆ ಅರ್ಹತೆ. ಮನೆಗೆ ಬಂದ ಮೇಲೆ ಅವಳು ಏನೂ ಹೇಳಲಿಲ್ಲ. ಹೇಳದೇ ಇದ್ದದ್ದೇ ಜಾಸ್ತಿ ಕೇಳಿಸಿತು.

ಹೆಂಡತಿಯನ್ನು ಜೊತೆ ಸಾಲಗಾರಳಾಗಿ ಸೇರಿಸಲು ಇನ್ನೊಂದು ಕಾರಣವೂ ಇದೆ. ಅವಳಿಗೆ ಪಗಾರ ಇಲ್ಲದಿದ್ದರೂ ಬ್ಯಾಂಕು ಸೇರಿಸುತ್ತದೆ. ನನಗೇನಾದರೂ ಆದರೆ ಪಿಂಚಣಿ ನಿಂತು ಕುಟುಂಬ ಪಿಂಚಣಿ ಶುರುವಾಗುತ್ತದೆ. ಮೊದಲು ಕೆಲವು ವರ್ಷ ಜಾಸ್ತಿ ದರ, ಆಮೇಲೆ ಕೊನೆಯ ಸಂಬಳದ 30 ಪರ್ಸೆಂಟ್. ಕಂತು ಅದರಲ್ಲಿ ಹೋಗುತ್ತದಾ ಅಂತ ಅವರು ನನ್ನ ಎದುರೇ ಲೆಕ್ಕ ಹಾಕಿದರು. ಬದುಕಿದ್ದಾಗಲೇ ಅದನ್ನು ಕೂತು ಕೇಳುವುದು ಒಂಥರಾ ಇರುತ್ತದೆ. ಫೌಜಿಗೆ ಅಭ್ಯಾಸ, ಹೆಂಡತಿಗೆ ಅಭ್ಯಾಸ ಇಲ್ಲ. ಅವಳು ಎದ್ದು ನೀರು ಕುಡಿದು ಬಂದಳು.

ಈಗ ಕಾಗದ ಪತ್ರ. ಡಿಸ್ಚಾರ್ಜ್ ಬುಕ್, ಮಾಜಿ ಸೈನಿಕರ ಗುರುತಿನ ಚೀಟಿ, ಆಧಾರ್, ಪ್ಯಾನ್, ಒಂದು ವರ್ಷದ ಪಾಸ್‌ಬುಕ್, ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ. ಗಲಾಟೆ ಆಗಿದ್ದು ಪಿಪಿಓದಲ್ಲಿ, ಅಂದರೆ ಪಿಂಚಣಿ ಮಂಜೂರಾದ ಆದೇಶದಲ್ಲಿ. ಕೌಂಟರಿನಲ್ಲಿದ್ದ ಹಿರಿಯ ಕ್ಲರ್ಕ್ "ಒರಿಜಿನಲ್ ಪಿಪಿಓ ಪುಸ್ತಕ ತನ್ನಿ, ನಮ್ಮ ಪೆನ್ಶನ್ ಸೆಲ್ಲಿನ ಸಿಕ್ಕಾ (ಮೊಹರು) ಬೇಕು" ಅಂತ ಹಠ ಹಿಡಿದರು. ನಮ್ಮ ಪಿಂಚಣಿ ಈಗ ಬ್ಯಾಂಕಿನ ಪೆನ್ಶನ್ ಸೆಲ್ಲಿನಿಂದ ಬರುತ್ತಿಲ್ಲ. ಸ್ಪರ್ಶ್ ಅನ್ನುವ ಆನ್‌ಲೈನ್ ಪಿಂಚಣಿ ವ್ಯವಸ್ಥೆ ಬಂದ ಮೇಲೆ ಪ್ರಯಾಗ್‌ರಾಜ್‌ನ ರಕ್ಷಣಾ ಪಿಂಚಣಿ ಕಚೇರಿಯಿಂದ ನೇರ ಖಾತೆಗೆ ಬೀಳುತ್ತದೆ, ಬ್ಯಾಂಕಿಗೆ ಅದು ಬರೀ ಒಂದು ಜಮೆ. ಹಾಗಿರುವಾಗ ಸಿಕ್ಕಾ ಎಲ್ಲಿಂದ ತರುವುದು? ಮೂರು ಸಲ ಅಲೆದೆ. ನಾಲ್ಕನೇ ಸಲ ಮೊಬೈಲಿನಲ್ಲಿ ಸ್ಪರ್ಶ್ ತೆರೆದು, ಅವರ ಕಣ್ಣೆದುರೇ ಇ-ಪಿಪಿಓ, ತಿಂಗಳ ಪಿಂಚಣಿ ಸ್ಲಿಪ್, ಫಾರಂ 16 ಎಲ್ಲ ಇಳಿಸಿ ಬ್ಯಾಂಕಿನ ಇಮೇಲಿಗೆ ಕಳಿಸಿದೆ. ಆಗ ಒಪ್ಪಿದರು. ಇನ್ನೊಂದು ಮುಚ್ಚಳಿಕೆ ಬರೆಸಿಕೊಂಡರು, ಸಾಲ ತೀರುವವರೆಗೆ ಪಿಂಚಣಿ ಖಾತೆ ಬೇರೆ ಬ್ಯಾಂಕಿಗೆ ಒಯ್ಯುವುದಿಲ್ಲ ಅಂತ. ಅದಕ್ಕೆ ಬೇಜಾರಿಲ್ಲ. ನೀವು ಮಾತ್ರ ಪ್ರತಿ ವರ್ಷ ಜೀವನ್ ಪ್ರಮಾಣ್, ಅಂದರೆ ಬದುಕಿದ್ದೇನೆ ಅನ್ನುವ ಪತ್ರ, ಕೊಡುವುದು ಮರೆಯಬೇಡಿ. ಅದು ತಪ್ಪಿ ಪಿಂಚಣಿ ನಿಂತರೆ ಕಂತೂ ನಿಲ್ಲುತ್ತದೆ, ಚೆಕ್ ಬೌನ್ಸ್ ಆದ ಹಾಗೆಯೇ ಸಾಲ ತೀರಿಸುವ ಶಿಸ್ತಿಗೆ ಕೊಡುವ ಅಂಕವಾದ ಸಿಬಿಲ್‌ಗೆ ಹೊಡೆತ.

ಸಿಬಿಲ್ ಅಂದ ಮೇಲೆ ನನ್ನ 590 ರೂಪಾಯಿ ಕಥೆ ಹೇಳಲೇಬೇಕು. 2018ರಲ್ಲಿ ಯೂನಿಟ್ಟಿಗೆ ಬಂದಿದ್ದ ಯಾರೋ ಒಂದು ಕ್ರೆಡಿಟ್ ಕಾರ್ಡ್ ಕೊಟ್ಟು ಹೋಗಿದ್ದರು. ನಾನು ಬಳಸಿಯೇ ಇರಲಿಲ್ಲ. ಮಾರನೇ ವರ್ಷ ವಾರ್ಷಿಕ ಶುಲ್ಕ 590 ಬಿದ್ದಿದೆ. ನಾನು ಪೋಸ್ಟಿನಲ್ಲಿ, ನೆಟ್‌ವರ್ಕ್ ಇಲ್ಲ, ಬಿಲ್ಲು ಹೋಗುತ್ತಿದ್ದುದು ಹಳೇ ಯೂನಿಟ್ ವಿಳಾಸಕ್ಕೆ. ಅದು ಬೆಳೆದು ಬೆಳೆದು 6,000 ದಾಟಿ, ಬಾಕಿ ವಜಾ, ಅಂದರೆ ವಸೂಲಾಗದ ಸಾಲ, ಅಂತ ಬರೆದು ನನ್ನ ಅಂಕ 640ಕ್ಕೆ ಇಳಿದಿತ್ತು. ಕಟ್ಟಿ, ಬಾಕಿ ಇಲ್ಲ ಅನ್ನುವ ಪತ್ರ ತಂದೆ. ಈ ಮಾಹಿತಿಯನ್ನು ಬ್ಯಾಂಕುಗಳು 2025ರ ಜನವರಿಯಿಂದ ಹದಿನೈದು ದಿನಕ್ಕೊಮ್ಮೆ ಕಳಿಸಬೇಕು ಅಂತ ನಿಯಮ ಬಂದಿತ್ತು, ಹಾಗಾಗಿ ಬೇಗ ಸರಿಯಾಯಿತು. ಜುಲೈ ಕೊನೆಗೆ 728. 750 ದಾಟಿದ್ದರೆ ಬಡ್ಡಿ ಇನ್ನೂ ಸ್ವಲ್ಪ ಕಡಿಮೆ ಸಿಗುತ್ತಿತ್ತು. ಫೌಜಿನಲ್ಲಿ ಇದ್ದಾಗ ಇಂಥ ಕಾರ್ಡು ತೆಗೆದುಕೊಂಡವರು ಬಹಳ ಜನ ಇದ್ದಾರೆ. ವರ್ಷಕ್ಕೆ ಒಂದು ಸಲ ವರದಿ ಪುಕ್ಕಟೆ ಸಿಗುತ್ತದೆ, ಇವತ್ತೇ ತೆಗೆದು ನೋಡಿ.

ಇಷ್ಟೆಲ್ಲ ನನ್ನ ಬಗ್ಗೆ. ಆದರೆ ಮೂರು ತಿಂಗಳು ತಿಂದಿದ್ದು ನಾನಲ್ಲ, ಜಾಗ. ನಮ್ಮ ಕರಾವಳಿಯಲ್ಲಿ ಸಾಲ ನಿಲ್ಲುವುದೇ ಜಾಗದ ಕಾಗದದಲ್ಲಿ. ನೀವು ಹವಾಲ್ದಾರರೋ ಸುಬೇದಾರರೋ ಅಂತ ಜಾಗ ಕೇಳುವುದಿಲ್ಲ.

ಮೊದಲು ಇಷ್ಟಪಟ್ಟ ಮನೆ ಸುಂಕೇರಿಯಲ್ಲಿ, ಹಿತ್ತಲಿನಲ್ಲೇ ಕಾಳಿ ಹೊಳೆಯ ಹಿನ್ನೀರು. ಬೆಳಿಗ್ಗೆ ದೋಣಿಯವರು ಬಲೆ ಝಾಡಿಸುವುದು ಅಡುಗೆಮನೆಯಿಂದ ಕಾಣುತ್ತದೆ. ಹೆಂಡತಿ ಅಲ್ಲೇ ಮನಸ್ಸು ಕೊಟ್ಟುಬಿಟ್ಟಿದ್ದಳು. ಬ್ಯಾಂಕಿನ ವಕೀಲರು ಸರ್ವೆ ನಂಬರ್ ನೋಡಿದವರೇ "ಸಿಆರ್‌ಜಡ್" ಅಂದರು. ಅಂದರೆ ಕರಾವಳಿ ನಿಯಂತ್ರಣ ವಲಯ, ನೀರಿನ ಹತ್ತಿರ ಕಟ್ಟಲು ನಿರ್ಬಂಧ. ಅದು ಸಮುದ್ರದ ಬದಿಗೆ ಮಾತ್ರ ಅಂತ ನಾವು ತಿಳಿದಿದ್ದೆವು. ಅಲ್ಲ, ಉಬ್ಬರದ ನೀರು ಎಲ್ಲಿವರೆಗೆ ಏರುತ್ತದೋ ಆ ಹೊಳೆ ದಂಡೆಗೂ ಅದೇ ಕಾನೂನು. ಕಡಲ ಬದಿಯಲ್ಲಿ ಭರತದ ಗೆರೆಯಿಂದ 500 ಮೀಟರ್. ಹೊಳೆ ಬದಿಗೆ 2011ರ ಅಧಿಸೂಚನೆಯಲ್ಲಿ 100 ಮೀಟರ್, 2019ರದರಲ್ಲಿ 50 ಮೀಟರ್, ಹೊಳೆ ಅದಕ್ಕಿಂತ ಕಿರಿದಾದರೆ ಅದರ ಅಗಲದಷ್ಟು. ಆ ಮನೆಗೆ ಹಿಂದೆ ಸೇರಿಸಿದ್ದ ಎರಡು ಕೋಣೆಗೆ ಅನುಮತಿಯ ಕಾಗದವೇ ಇರಲಿಲ್ಲ. ವಕೀಲರು ಫೈಲು ಮುಚ್ಚಿದರು. ಅವರ ಮೇಲೆ ಆಗ ಸಿಟ್ಟು ಬಂದಿತ್ತು. ಈಗ ಅವರಿಗೆ ಅರ್ಧ ಸ್ಟಾರ್ ಜಾಸ್ತಿ ಕೊಡುತ್ತೇನೆ.

ಎರಡನೆಯದು ಹಬ್ಬುವಾಡದಲ್ಲಿ. ಮೂರು ಗುಂಟೆ, ಚಿರೇಕಲ್ಲಿನ ಗೋಡೆ, ಹೆಂಚಿನ ಮಾಡು, ಬಾವಿ, ಎರಡು ತೆಂಗು. ಬೆಲೆ 28 ಲಕ್ಷ. ಜಾಗ ಬಿನ್‌ಶೇತ್ಕಿ, ಅಂದರೆ ಕೃಷಿಯೇತರ, ಆಗಿತ್ತು, ನಗರಸಭೆಯ ಇ-ಖಾತೆ ಇತ್ತು. ಮಾರುವವರು ಪಾಪ ಎಪ್ಪತ್ತು ದಾಟಿದ ಅಮ್ಮ, ಮಗ ಗೋವಾದಲ್ಲಿ. ಎಲ್ಲ ಸರಿ ಇದೆ ಅಂದುಕೊಂಡೆವು. 30 ವರ್ಷದ ಋಣಭಾರ ಪತ್ರ, ಹಳೇ ಪಹಣಿ ಎಲ್ಲ ತೆಗೆಸಿದಾಗ ಪಹಣಿಯ 11ನೇ ಕಾಲಮ್ಮಿನಲ್ಲಿ ಒಂದು ಬೋಜಾ, ಅಂದರೆ ಸಾಲದ ಹೊರೆ, ಕೂತಿತ್ತು. 1994ರಲ್ಲಿ ಅಮ್ಮನ ಯಜಮಾನರು ಸೊಸೈಟಿಯಿಂದ ತೆಗೆದ 4,500 ರೂಪಾಯಿ ಬೆಳೆಸಾಲ. ಸಾಲ ತೀರಿಸಿ ಯಾವ ಕಾಲವೋ ಆಗಿದೆ, ಬೋಜಾ ತೆಗೆಸಿಲ್ಲ. ಯಜಮಾನರೂ ಇಲ್ಲ. ಸೊಸೈಟಿಯ ಕಪಾಟಿನಿಂದ ಹಳೇ ಖಾತೆ ಪುಸ್ತಕ ಇಳಿಸಿ, ಜಿರಳೆ ಝಾಡಿಸಿ, ಪುಟ ಹುಡುಕಿ, ಬೇಬಾಕಿ ಪತ್ರ ಬರೆಸಿಕೊಂಡು, ಬೋಜಾ ಇಳಿಸಲು ಅರ್ಜಿ ಹಾಕಿ, ಅದು ಕಂಪ್ಯೂಟರಿನಲ್ಲಿ ಹೋಗುವವರೆಗೆ 26 ದಿನ. ಇದರಲ್ಲಿ ಬ್ಯಾಂಕಿನ ತಪ್ಪಿಲ್ಲ. ಆದರೆ ಈ ಆಕ್ಷೇಪವನ್ನು ವಕೀಲರು ಬರೆದು ಕೊಟ್ಟಿದ್ದು ಜೂನ್ ಕೊನೆಗೆ, ನನಗೆ ಹೇಳಿದ್ದು ಜುಲೈ 18ಕ್ಕೆ. ನಡುವೆ ಬಿಹಾರದ ಆಫೀಸರಿಗೆ ವರ್ಗ ಆಯಿತು. ಹೊಸಬರು ಬಂದು ಫೈಲು ಮತ್ತೆ ಮೊದಲಿನಿಂದ ಓದಿದರು. ಆ ಮೂರು ವಾರದ ಲೆಕ್ಕ ಮುಂದೆ ಬರುತ್ತದೆ.

ಮನೆ ಬೆಲೆ ಕಟ್ಟಲು ಬಂದ ಇಂಜಿನಿಯರ್ ಬಂದಿದ್ದು ಜುಲೈ ಮಳೆಯಲ್ಲಿ. ನಮ್ಮ ಮಳೆ ಗೊತ್ತಲ್ಲ, ಕೊಡೆ ಇದ್ದರೂ ಮೊಣಕಾಲಿನವರೆಗೆ ಒದ್ದೆ. ಅವರು ಟೇಪು ಹಿಡಿದು ಅಳೆದರು. ಗೋಡೆಗೆ ಬೆರಳು ಮಡಚಿ ತಟ್ಟಿದರು. ಮಾಡಿನ ಕೆಳಗೆ ಮೊಬೈಲ್ ಟಾರ್ಚ್ ಬಿಟ್ಟು ಪಕಾಸು, ರೀಪು ಒಂದೊಂದೇ ನೋಡಿದರು. ಒಂದು ಮೂಲೆಯಲ್ಲಿ ಹೆಂಚು ಜಾರಿ ನೀರು ಇಳಿಯುತ್ತಿತ್ತು. ಅಮ್ಮ ಅದರ ಕೆಳಗೆ ಹಿತ್ತಾಳೆ ಕೊಡ ಇಟ್ಟಿದ್ದರು, ಟಪ್ ಟಪ್ ಅಂತ ಶಬ್ದ. ನಾನು ಕೊಡದ ಮುಂದೆ ನಿಂತು ಮರೆ ಮಾಡಿದೆ. ಅವರು ನನ್ನ ಭುಜದ ಮೇಲಿಂದ ಇಣುಕಿ ಬರೆದುಕೊಂಡರು. ವರದಿಯಲ್ಲಿ ಬೆಲೆ 25 ಲಕ್ಷ ಬಂತು. ನಾವು ಕೊಡುವುದು 28, ಬ್ಯಾಂಕಿನ ಕಣ್ಣಿಗೆ 25. ಸಾಲ ಯಾವಾಗಲೂ ಕಡಿಮೆ ಇರುವ ಅಂಕಿಯ ಮೇಲೆ. ನಿಯಮದಲ್ಲಿ 90 ಪರ್ಸೆಂಟ್‌ವರೆಗೆ ಅಂತ ಇದ್ದರೂ ಹಳೇ ಹೆಂಚಿನ ಮನೆ ಅಂತ 80 ಕೊಟ್ಟರು. ಅಲ್ಲಿಗೆ 20 ಲಕ್ಷ. ಸ್ಲ್ಯಾಬಿನ ಮನೆಯಾಗಿದ್ದರೆ ಜಾಸ್ತಿ ಸಿಗುತ್ತಿತ್ತು ಅಂತ ಹೊಸ ಆಫೀಸರು ಹೇಳಿದರು. ನೂರು ಮಳೆಗಾಲ ಕಂಡ ಚಿರೇಕಲ್ಲಿನ ಮನೆ ನಮ್ಮಲ್ಲಿ ಎಷ್ಟಿಲ್ಲ? ಆದರೂ ಇದಕ್ಕೆ ಆಯಸ್ಸು 25 ವರ್ಷ ಅಂತ ಬರೆದರು.

ಕೈಯಿಂದ 8 ಲಕ್ಷ ಹಾಕಬೇಕಾಯಿತು. ಅದರ ಮೇಲೆ ನೋಂದಣಿ. ಇದನ್ನು ಸಾಲದಲ್ಲಿ ಸೇರಿಸುವುದಿಲ್ಲ, ಬಹಳ ಜನ ಇಲ್ಲೇ ಎಡವುತ್ತಾರೆ. ಮುದ್ರಾಂಕ ಶುಲ್ಕ ಸೆಸ್ಸು ಸರ್ಚಾರ್ಜು ಸೇರಿ 5.6 ಪರ್ಸೆಂಟ್. ನೋಂದಣಿ ಶುಲ್ಕ 1 ಪರ್ಸೆಂಟ್ ಇದ್ದದ್ದು 2025ರ ಆಗಸ್ಟ್ 31ರಿಂದ 2 ಪರ್ಸೆಂಟ್ ಆಯಿತು. ನಮ್ಮ ನೋಂದಣಿ ಆಗಿದ್ದು ಸೆಪ್ಟೆಂಬರ್ 10ಕ್ಕೆ. ಫೈಲು ಮೂರು ವಾರ ಮೇಜಿನ ಮೇಲೆ ಸುಮ್ನೆ ಮಲಗಿತ್ತಲ್ಲ, ಅದಕ್ಕೆ ನಾನು ಕೊಟ್ಟ ಬೆಲೆ ಸರಿಯಾಗಿ 28,000. ಒಂದು ತಿಂಗಳ ಪಿಂಚಣಿ. ಒಂದೂವರೆ ಸ್ಟಾರ್ ಕಡಿಮೆ ಮಾಡಿದ್ದು ಇದಕ್ಕೇ. ಮ್ಯಾನೇಜರ್ ಹತ್ತಿರ ಹೇಳಿದೆ. ಚಹಾ ತರಿಸಿದರು.

ಒಂದು ವಿಷಯದಲ್ಲಿ ಮಾತ್ರ ಜಗಳ ಆಡಿ ಗೆದ್ದೆ. ಮಂಜೂರಾತಿ ಪತ್ರಕ್ಕೆ ಸಹಿ ಹಾಕುವ ದಿನ 74,000ದ ಇನ್ಶೂರೆನ್ಸ್ ಅರ್ಜಿಯೂ ಅದರ ಜೊತೆಗೇ ಬಂತು. "ಇದು ಕಂಪಲ್ಸರಿ ಸಾರ್, ಎಲ್ಲರೂ ಹಾಕ್ತಾರೆ, ಸಾಲಕ್ಕೇ ಸೇರಿಸ್ತೇವೆ" ಅಂದರು. ಸಾಲಕ್ಕೆ ಸೇರಿಸಿದರೆ ಅದಕ್ಕೂ 20 ವರ್ಷ ಬಡ್ಡಿ, ಅಲ್ವಾ? ಈಗ ಗೃಹಸಾಲಕ್ಕೆ ಮುಖ್ಯ ವಿವರಗಳ ಒಂದು ಪತ್ರ ಕೊಡಲೇಬೇಕು, 2024ರ ಅಕ್ಟೋಬರ್‌ನಿಂದ ಆ ನಿಯಮ ಇದೆ. ಅದರಲ್ಲಿ ಎಲ್ಲ ಖರ್ಚು ಸೇರಿದ ವಾರ್ಷಿಕ ದರ ಇರುತ್ತದೆ. ಅದನ್ನು ತರಿಸಿ, ಕಡ್ಡಾಯ ಅಂದಿರಲ್ಲ, ಹಾಗಂತ ಬರೆದು ಕೊಡಿ ಅಂದೆ. ಅರ್ಜಿ ಸದ್ದಿಲ್ಲದೇ ಡ್ರಾಯರಿಗೆ ಹೋಯಿತು. ಮನೆಗೆ ಬೆಂಕಿ, ನೆರೆಯ ವಿಮೆ ಮಾಡಿಸಿಕೊಂಡೆ, ಅದು ಬೇಕು. ಬೇರೆ ಕಡೆ ಕಡಿಮೆ ಖರ್ಚಿನ ಟರ್ಮ್ ಪಾಲಿಸಿಯನ್ನೂ ತೆಗೆದುಕೊಂಡೆ. ಪ್ರೊಸೆಸಿಂಗ್ ಫೀ ಮಾಜಿ ಸೈನಿಕ ಅಂತ ಪೂರ್ತಿ ಬಿಟ್ಟರು. ವಕೀಲರು, ಇಂಜಿನಿಯರ್ ಸೇರಿ ಒಂಬತ್ತು ಸಾವಿರದ ಹತ್ತಿರ ಹೋಯಿತು.

ಬಡ್ಡಿ ಫ್ಲೋಟಿಂಗ್, ಅಂದರೆ ಏರಿಳಿಯುವುದು; ರಿಸರ್ವ್ ಬ್ಯಾಂಕು ಉಳಿದ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೋ ದರಕ್ಕೆ ಕಟ್ಟಿದ್ದು. ರೆಪೋ 2025ರ ಫೆಬ್ರುವರಿಯಿಂದ ಜೂನ್ ಒಳಗೆ 6.5ರಿಂದ 5.5ಕ್ಕೆ ಇಳಿದಿತ್ತು, ಆ ಲೆಕ್ಕದಲ್ಲಿ ನಾವು ಒಳ್ಳೆಯ ಸಮಯಕ್ಕೇ ಹೋದೆವು. ಫ್ಲೋಟಿಂಗ್ ಸಾಲವನ್ನು ಮೊದಲೇ ತೀರಿಸಿದರೆ ದಂಡ ಇಲ್ಲ. ಪೂರ್ತಿ ತೀರಿದ ಮೇಲೆ ಮೂಲ ಕಾಗದಗಳನ್ನು 30 ದಿನದೊಳಗೆ ವಾಪಸ್ ಕೊಡಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ಬ್ಯಾಂಕೇ ಕೊಡಬೇಕು. ಆ ದಿನ ನೋಡಲು ನಾನು 67ರವರೆಗೆ ಗಟ್ಟಿಯಾಗಿರಬೇಕು.

ಬ್ಯಾಂಕು ತಾನಾಗಿ ಹೇಳದ ವಿಷಯ ಒಂದಿದೆ. ಪಕ್ಕದ ಕುರ್ಚಿಯಲ್ಲಿ ಕೂತ ಒಬ್ಬ ಹುಡುಗಿ ಅವಳ ಅರ್ಜಿ ತೋರಿಸಿದ್ದರಿಂದ ಗೊತ್ತಾಯಿತು. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ 2.0ರಲ್ಲಿ ಬಡ್ಡಿ ಸಹಾಯಧನ ಇದೆ. ಕುಟುಂಬದ ವಾರ್ಷಿಕ ಆದಾಯ 9 ಲಕ್ಷದೊಳಗೆ, ಮನೆ ಬೆಲೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ, ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಸಾಲದ ಮೊದಲ 8 ಲಕ್ಷಕ್ಕೆ 4 ಪರ್ಸೆಂಟ್ ಬಡ್ಡಿ ಸಹಾಯ, ಗರಿಷ್ಠ 1.80 ಲಕ್ಷ, ಐದು ವಾರ್ಷಿಕ ಕಂತಿನಲ್ಲಿ. ಮನೆ ಹೆಂಡತಿಯ ಹೆಸರಿನಲ್ಲಿ ಅಥವಾ ಇಬ್ಬರ ಹೆಸರಿನಲ್ಲಿ ಇರಬೇಕು. ಅವರ್ಸಾದ ಮನೆ ಅಪ್ಪನ ಹೆಸರಿನಲ್ಲಿದೆ, ನನ್ನದಲ್ಲ, ಹಾಗಾಗಿ ನಾವೂ ಅರ್ಜಿ ಹಾಕಿದ್ದೇವೆ. ಹಣ ಬಂದರೆ ಇಲ್ಲೇ ಬರೆಯುತ್ತೇನೆ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರು, ಯುದ್ಧದಲ್ಲಿ ಅಂಗವಿಕಲರಾದವರು ಕೇಂದ್ರೀಯ ಸೈನಿಕ ಮಂಡಳಿಯ ಬಡ್ಡಿ ಸಹಾಯವನ್ನೂ ವಿಚಾರಿಸಿ. ಬಡ್ಡಿಯ ಅರ್ಧ ವಾಪಸ್ ಕೊಡುತ್ತಾರೆ, ಆದರೆ ಬರೀ 1 ಲಕ್ಷದ ಸಾಲಕ್ಕೆ. ಈ ಕಾಲದಲ್ಲಿ 1 ಲಕ್ಷಕ್ಕೆ ಬಾವಿಗೆ ಕಟ್ಟೆ ಕಟ್ಟಬಹುದು.

ಇನ್ನೂ ಸರ್ವಿಸಿನಲ್ಲಿ ಇರುವ ತಮ್ಮಂದಿರಿಗೆ ಒಂದು ಮಾತು. ಸೇನೆಯ ಗ್ರೂಪ್ ಇನ್ಶೂರೆನ್ಸಿನ ಮನೆ ಸಾಲ, ಮನೆ ಕಟ್ಟಲು ಸರ್ಕಾರ ಕೊಡುವ ಮುಂಗಡ ಎಚ್‌ಬಿಎ ಎಲ್ಲ ಸಮವಸ್ತ್ರದಲ್ಲಿ ಇರುವಾಗ ಮಾತ್ರ ಸಿಗುವುದು. ಕೊನೆಯ ವರ್ಷಕ್ಕೆ ಬಿಡಬೇಡಿ. ನಾನು ಬಿಟ್ಟೆ. ನನ್ನ ಭಾವನ ಮಗ ಅಗ್ನಿವೀರ, ಹೊರಬಂದ ಮೇಲೆ ನನಗೂ ಹೀಗೆ ಸಾಲ ಸಿಗ್ತದಾ ಮಾವ ಅಂತ ಫೋನು ಮಾಡಿದ್ದ. ಪಿಂಚಣಿ ಇಲ್ಲದ ಮೇಲೆ ಬ್ಯಾಂಕು ನಿನ್ನ ಮುಂದಿನ ಕೆಲಸ ನೋಡ್ತದೆ ತಮ್ಮಾ, ಹೊರಬರುವಾಗ ಒಟ್ಟಿಗೆ ಸಿಗುವ ಸೇವಾ ನಿಧಿ ಬಂದರೆ ಅದನ್ನು ಮುಂಗಡಕ್ಕೆ ಎತ್ತಿಡು, ಬುಲೆಟ್ ತಗೊಳ್ಬೇಡ ಅಂದೆ. ಬುಲೆಟ್ ಬುಕ್ ಆಗಿದೆ ಅಂದ.

ಅಕ್ಟೋಬರಿನಲ್ಲಿ ಮೊದಲ ಕಂತು ಹೋಯಿತು, 16,729. ಹೆಂಡತಿ ಪಾಸ್‌ಬುಕ್ ಹಿಡಿದು ಅಡುಗೆಮನೆ ಕಟ್ಟೆ ಮೇಲೆ ಕೂತು ಬಿಡಿಸಿದಳು. ಬಡ್ಡಿಗೆ 13,333, ಅಸಲಿಗೆ 3,396. "ಬೈಕಿನ ಕಂತಿನಷ್ಟೇ ಅಸಲು ಅಲ್ದಾ" ಅಂದಳು. ಆ ಜಾರಿದ ಹೆಂಚು ನಾನೇ ಹತ್ತಿ ಕೂರಿಸಿದ್ದೇನೆ. ಅಮ್ಮ ಗೋವಾಕ್ಕೆ ಹೋಗುವಾಗ ಹಿತ್ತಾಳೆ ಕೊಡ ಬಿಟ್ಟು ಹೋಗಿದ್ದಾರೆ, ಮುಂದಿನ ಮಳೆಗೆ ಬೇಕಾದರೆ ಅಂತ.